ಚರ್ಮದ ಕೋಶಕ್ಕೆ ‘ಬೆಳೆ’ ಎನ್ನುವವರು ಯಾರು, ‘ಸಾಕು’ ಎನ್ನುವವರು ಯಾರು?

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸುಂಡಿಲಿಯ ಮರಿಯಿಂದ ಮಾತು ಶುರು ಮಾಡುತ್ತೇನೆ. ಅದು ಹುಟ್ಟುವಾಗ ಕಣ್ಣು ಮುಚ್ಚಿರುತ್ತದೆ. ಮೇಲಿನ ರೆಪ್ಪೆ, ಕೆಳಗಿನ ರೆಪ್ಪೆ ಎರಡೂ ಅಂಟಿಕೊಂಡಿರುತ್ತವೆ. ಅವು ಬಿಡಿಸಿಕೊಂಡು ಮರಿ ಕಣ್ಣು ಬಿಡುವುದು 12ರಿಂದ 14ನೇ ದಿನದ ಹೊತ್ತಿಗೆ. 1950ರ ದಶಕದ ಕೊನೆಯ ವರ್ಷಗಳಲ್ಲಿ ಸ್ಟ್ಯಾನ್ಲಿ ಕೋಹೆನ್ ಎಂಬ ಜೀವರಸಾಯನ ವಿಜ್ಞಾನಿ ಇಂಥ ಮರಿಗಳಿಗೆ ಒಂದು ರಸವನ್ನು ಚುಚ್ಚುತ್ತಿದ್ದರು. ಬೆಳೆದ ಸುಂಡಿಲಿಗಳ ಜೊಲ್ಲಿನ ಗ್ರಂಥಿಯಿಂದ ತೆಗೆದ ರಸ ಅದು. ಅವರಿಗೆ ಬೇಕಾಗಿದ್ದದ್ದು ನರಗಳನ್ನು ಬೆಳೆಸುವ ಒಂದು ಪ್ರೋಟೀನ್. ರೀಟಾ ಲೆವಿ-ಮೊಂಟಾಲ್ಚಿನಿ ಜೊತೆ ಸೇರಿ ಆ ಪ್ರೋಟೀನನ್ನು ಅವರು ಬೆನ್ನಟ್ಟಿದ್ದರು. ಚರ್ಮದ ಯೋಚನೆಯೇ ಅಲ್ಲಿ ಇರಲಿಲ್ಲ.

ಆದರೆ ರಸ ಚುಚ್ಚಿಸಿಕೊಂಡ ಮರಿಗಳು 6-7ನೇ ದಿನಕ್ಕೇ ಕಣ್ಣು ಬಿಟ್ಟವು. ಹಲ್ಲೂ ಬೇಗ ಮೂಡಿತು. ನರಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅದನ್ನು ಅಲ್ಲಿಗೇ ಬಿಟ್ಟಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಕೋಹೆನ್ ಬಿಡಲಿಲ್ಲ. ಆ ರಸದೊಳಗೆ ನರಕ್ಕೆ ಸಂಬಂಧಪಡದ ಇನ್ನೊಂದು ಪ್ರೋಟೀನ್ ಇದೆ ಎಂದು ಹಿಡಿದು, ಅದನ್ನು ಬೇರ್ಪಡಿಸಿ 1962ರಲ್ಲಿ ಪ್ರಕಟಿಸಿದರು. ರೆಪ್ಪೆ ಬೇಗ ಬಿಡಿಸಿಕೊಂಡದ್ದಕ್ಕೆ ಕಾರಣ, ಅಲ್ಲಿನ ಚರ್ಮದ ಕೋಶಗಳು ಬೇಗ ಬೇಗ ಬೆಳೆದು ಬಲಿತದ್ದು. 53 ಅಮೈನೋ ಆಮ್ಲಗಳ ಆ ಪುಟ್ಟ ಪ್ರೋಟೀನಿಗೆ ಈಗ ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್ ಎಂದು ಹೆಸರು. ಚಿಕ್ಕದಾಗಿ ಇಜಿಎಫ್. ಹೊರಚರ್ಮವನ್ನು ಬೆಳೆಸುವ ಅಂಶ ಎಂದರ್ಥ. 1986ರಲ್ಲಿ ಕೋಹೆನ್ ಮತ್ತು ಲೆವಿ-ಮೊಂಟಾಲ್ಚಿನಿ ಇಬ್ಬರಿಗೂ ನೊಬೆಲ್ ಬಂತು.

ಇವತ್ತು ನಾನು ಹೇಳಬೇಕೆಂದಿರುವ ಮಾತು ಇಜಿಎಫ್ ಒಂದರ ಕಥೆಯಲ್ಲ. ಚರ್ಮದ ಕೋಶ ಎರಡು ಕಡೆಯ ಮಾತು ಕೇಳುತ್ತದೆ. ಒಂದು, ಹೊರಗಿಂದ ಬರುವ ಪ್ರೋಟೀನಿನ ಸುದ್ದಿ. ಇನ್ನೊಂದು, ತನ್ನದೇ ಪೊರೆಯಿಂದ ಕತ್ತರಿಸಿ ತೆಗೆದ ಕೊಬ್ಬಿನ ಚೂರು. ಬೆಳೆ ಎಂದು ಹೇಳುವುದು ಹೆಚ್ಚಾಗಿ ಮೊದಲನೆಯದು. ಆ ಮಾತು ಎಷ್ಟು ಜೋರಾಗಿ, ಎಷ್ಟು ಹೊತ್ತು ಕೇಳಿಸಬೇಕು ಎಂದು ತೀರ್ಮಾನಿಸುವುದರಲ್ಲಿ ಎರಡನೆಯದರ ಕೈ ತುಂಬಾ ದೊಡ್ಡದು. ಅದನ್ನು ನಾವು ಸಾಕಷ್ಟು ಗಮನಿಸಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಚರ್ಮದ ರಚನೆ, ಬೇಗ ಹೇಳಿ ಮುಗಿಸುತ್ತೇನೆ. ಹೊರಚರ್ಮದಲ್ಲಿ ಹೆಚ್ಚಿನವು ಕೆರಟಿನೋಸೈಟ್ ಎಂಬ ಕೋಶಗಳು. ಅವು ಹುಟ್ಟುವುದು ತೀರಾ ಕೆಳಗಿನ ಒಂದೇ ಒಂದು ಸಾಲಿನಲ್ಲಿ. ಅಲ್ಲಿ ಒಂದು ಕೋಶ ಎರಡಾಗುತ್ತದೆ. ಒಂದು ಅಲ್ಲೇ ಉಳಿಯುತ್ತದೆ, ಇನ್ನೊಂದು ಮೇಲಕ್ಕೆ ಹೊರಡುತ್ತದೆ ಎಂದು ಸುಮ್ನೆ ಅಂದುಕೊಳ್ಳಿ. ಮೇಲೇರುತ್ತಾ ಅದು ಚಪ್ಪಟೆಯಾಗುತ್ತದೆ, ಕೆರಟಿನ್ ಎಂಬ ಗಟ್ಟಿ ಪ್ರೋಟೀನ್ ತುಂಬಿಕೊಳ್ಳುತ್ತದೆ, ಕೊನೆಗೆ ಡಿಎನ್‌ಎ ಇರುವ ನ್ಯೂಕ್ಲಿಯಸ್ಸನ್ನೂ ಕಳೆದುಕೊಂಡು ಸತ್ತ ಹೊಪ್ಪಳೆಯಾಗುತ್ತದೆ. ಈ ಪಯಣಕ್ಕೆ ಹಲವು ವಾರ ಬೇಕು. ಕೈಯನ್ನು ಉಜ್ಜಿಕೊಂಡಾಗ ಉದುರುವುದು ಇದೇ ಹೊಪ್ಪಳೆ. ಎಷ್ಟು ಉದುರುತ್ತದೋ ಅಷ್ಟೇ ಕೆಳಗೆ ಹುಟ್ಟಬೇಕು. ಕಡಿಮೆಯಾದರೆ ಚರ್ಮ ತೆಳುವಾಗುತ್ತದೆ, ಗಾಯ ಮಾಗುವುದಿಲ್ಲ. ಜಾಸ್ತಿಯಾದರೆ ದಪ್ಪವಾಗಿ ಹೊಟ್ಟೇಳುತ್ತದೆ. ಈ ಲೆಕ್ಕವನ್ನು ಯಾರೋ ಇಡಬೇಕು ಅಲ್ವಾ?

ಇಜಿಎಫ್ ಕೋಶದ ಒಳಗೆ ಹೋಗಿ ಆಜ್ಞೆ ಕೊಡುವುದಿಲ್ಲ. ಕೋಶಪೊರೆಯಲ್ಲಿ ಅದಕ್ಕಾಗಿಯೇ ರಿಸೆಪ್ಟರ್‌ಗಳಿವೆ. ಅರ್ಧ ಹೊರಗೆ, ಅರ್ಧ ಒಳಗೆ ಇರುವ ಪ್ರೋಟೀನ್‌ಗಳು. ಹೊರಗಿನ ತುದಿಗೆ ಇಜಿಎಫ್ ಕೂತಾಗ ಎರಡು ರಿಸೆಪ್ಟರ್‌ಗಳು ಜೋಡಿಯಾಗುತ್ತವೆ. ಒಳಗಿನ ತುದಿಗಳು ಒಂದಕ್ಕೊಂದು ಫಾಸ್ಫೇಟ್ ಅಂಟಿಸಿಕೊಳ್ಳುತ್ತವೆ. ಅಲ್ಲಿಂದ ಸುದ್ದಿ ಕೈಯಿಂದ ಕೈಗೆ ದಾಟಿ ನ್ಯೂಕ್ಲಿಯಸ್‌ವರೆಗೆ ಹೋಗುತ್ತದೆ. ಕೋಶ ಎರಡಾಗುವ ತಯಾರಿಯಾಗಿ ಡಿಎನ್‌ಎ ನಕಲಾಗಲು ಶುರುವಾಗುತ್ತದೆ.

ಚರ್ಮದಲ್ಲಿ ಇಂಥ ಸುದ್ದಿಗಾರರು ಬಹಳ ಮಂದಿ. ಟಿಜಿಎಫ್-ಆಲ್ಫಾ ಮತ್ತು ಆಂಫಿರೆಗ್ಯುಲಿನ್ ಎಂಬ ಪ್ರೋಟೀನ್‌ಗಳನ್ನು ಕೆರಟಿನೋಸೈಟ್‌ಗಳೇ ತಯಾರಿಸುತ್ತವೆ. ಅವೂ ಇಜಿಎಫ್‌ನ ರಿಸೆಪ್ಟರ್‌ಗೇ ಹೋಗಿ ಕೂರುತ್ತವೆ. ಅಂದರೆ ಕೋಶ ತನಗೆ ತಾನೇ ‘ಬೆಳೆ’ ಎಂದು ಹೇಳಿಕೊಳ್ಳಬಲ್ಲದು. 1989ರಲ್ಲಿ ಕೆರಟಿನೋಸೈಟ್ ಗ್ರೋತ್ ಫ್ಯಾಕ್ಟರ್ ಎಂಬುದೂ ಸಿಕ್ಕಿತು. ಅದು ಹುಟ್ಟುವುದು ಹೊರಚರ್ಮದ ಕೆಳಗಿನ ಪದರದ ಫೈಬ್ರೋಬ್ಲಾಸ್ಟ್ ಕೋಶಗಳಲ್ಲಿ, ಕೆಲಸ ಮಾಡುವುದು ಮೇಲಿನ ಮನೆಯಲ್ಲಿ. ಇನ್ನು ಟಿಜಿಎಫ್-ಬೀಟಾ, ಅಂದರೆ ಟ್ರಾನ್ಸ್‌ಫಾರ್ಮಿಂಗ್ ಗ್ರೋತ್ ಫ್ಯಾಕ್ಟರ್-ಬೀಟಾ. ಹೆಸರು ಗ್ರೋತ್ ಫ್ಯಾಕ್ಟರ್ ಎಂದಿದ್ದರೂ ಕೆರಟಿನೋಸೈಟ್‌ಗೆ ಅದು ಹೇಳುವುದು ‘ಸಾಕು, ನಿಲ್ಲು’ ಎಂದೇ. ಹೆಸರು ನೋಡಿ ಮೋಸ ಹೋಗಬೇಡಿ.

ಒಂದು ಕ್ಷಣ ನನ್ನ ಜೊತೆ ಮೈಕ್ರೋಸ್ಕೋಪಿನ ಮುಂದೆ ಕೂತುಕೊಳ್ಳಿ. ಗಾಜಿನಂಥ ಪಾರದರ್ಶಕ ತಟ್ಟೆ. ತಳದಲ್ಲಿ ಗುಲಾಬಿ ಬಣ್ಣದ ದ್ರವ. ಅದರೊಳಗೆ ಕೆರಟಿನೋಸೈಟ್‌ಗಳು ಗುಂಪು ಗುಂಪಾಗಿ ಕೂತಿವೆ. ಒಂದಕ್ಕೊಂದು ಒತ್ತಿಕೊಂಡು, ನೆಲಕ್ಕೆ ಹಾಸಿದ ಕಲ್ಲಿನ ಹಾಗೆ. ನಾನು ಈ ಕೆಲಸ ಕಲಿಯುತ್ತಿದ್ದಾಗ ಒಮ್ಮೆ ಎರಡು ತಟ್ಟೆಗಳ ಆಹಾರದ್ರವಕ್ಕೆ ಇಜಿಎಫ್ ಹಾಕುವುದನ್ನು ಮರೆತೆ. ಮರೆತದ್ದು ಗೊತ್ತಾದದ್ದು ಕೆಲವು ದಿನ ಕಳೆದ ಮೇಲೆ, ಗುಂಪುಗಳ ಅಂಚು ನೋಡಿದಾಗ. ಇಜಿಎಫ್ ಇದ್ದ ತಟ್ಟೆಯಲ್ಲಿ ಅಂಚಿನ ಕೋಶಗಳು ಹೊರಕ್ಕೆ ಕೈಚಾಚಿದ್ದವು. ನಡುವೆ ಖಾಲಿ ಜಾಗ ಕಂಡರೆ ಅತ್ತ ಸರಿದಿದ್ದವು. ಇಲ್ಲದ ತಟ್ಟೆಯಲ್ಲಿ ಗುಂಪುಗಳು ಬಿಗಿಯಾಗಿ, ಒಂದರ ಮೇಲೊಂದು ಒಟ್ಟಿದಂತೆ ಕೂತಿದ್ದವು. ಮಧ್ಯದವು ಆಗಲೇ ಬಲಿತು ಹೊಪ್ಪಳೆಯಾಗುತ್ತಿದ್ದವು. ಪುಸ್ತಕದಲ್ಲಿ ನೂರು ಸಲ ಓದಿದ್ದು ಆವತ್ತು ನನಗೆ ಅರ್ಥವಾಯಿತು. ಇಜಿಎಫ್ ‘ಎರಡಾಗು’ ಎಂದಷ್ಟೇ ಹೇಳುವುದಿಲ್ಲ. ‘ಹರಡು, ಈಗಲೇ ಮುದಿಯಾಗಬೇಡ’ ಎಂದೂ ಹೇಳುತ್ತದೆ.

ಇದನ್ನು ಅಳೆದು ತೋರಿಸಿದವರು ಜೇಮ್ಸ್ ರೈನ್‌ವಾಲ್ಡ್ ಮತ್ತು ಹೊವರ್ಡ್ ಗ್ರೀನ್. 1975ರಲ್ಲಿ ಮನುಷ್ಯನ ಕೆರಟಿನೋಸೈಟ್‌ಗಳನ್ನು ತಟ್ಟೆಯಲ್ಲಿ ಪದೇ ಪದೇ ಬೆಳೆಸುವ ವಿಧಾನ ಕಂಡುಹಿಡಿದರು. ವಿಕಿರಣ ಹಾಯಿಸಿ ವಿಭಜನೆ ನಿಲ್ಲಿಸಿದ ಇಲಿಯ ಫೈಬ್ರೋಬ್ಲಾಸ್ಟ್‌ಗಳನ್ನು ತಳಕ್ಕೆ ಹಾಸಿ, ಅವುಗಳ ಆಸರೆಯಲ್ಲಿ ಚರ್ಮದ ಕೋಶಗಳನ್ನು ಬೆಳೆಸಿದರು. 1977ರಲ್ಲಿ ಅದಕ್ಕೆ ಇಜಿಎಫ್ ಸೇರಿಸಿದರು. ಅಲ್ಲಿಯವರೆಗೆ ಸುಮಾರು 50 ತಲೆಮಾರಿಗೆ ಸುಸ್ತಾಗುತ್ತಿದ್ದ ಕೋಶಗಳು 150 ತಲೆಮಾರಿನವರೆಗೆ ಬಾಳಿದವು. ಇದರಿಂದ ಒಂದು ಅಂಚೆಚೀಟಿಯಷ್ಟು ಚರ್ಮದಿಂದ ಇಡೀ ಮೈಗಾಗುವಷ್ಟು ಹೊರಚರ್ಮ ಬೆಳೆಸುವ ದಾರಿ ತೆರೆಯಿತು. 1983ರಲ್ಲಿ ಅಮೆರಿಕದ ವಯೋಮಿಂಗ್‌ನ ಇಬ್ಬರು ಪುಟ್ಟ ಅಣ್ಣತಮ್ಮಂದಿರು ಮೈಯ 95 ಶೇಕಡಕ್ಕಿಂತ ಜಾಸ್ತಿ ಸುಟ್ಟುಕೊಂಡು ಬಾಸ್ಟನ್ನಿನ ಆಸ್ಪತ್ರೆಗೆ ಬಂದಾಗ, ಗ್ರೀನ್ ಅವರ ತಂಡ ಮಕ್ಕಳ ಸ್ವಂತ ಕೋಶಗಳಿಂದಲೇ ಚರ್ಮದ ಹಾಳೆ ಬೆಳೆಸಿ ಹೊದಿಸಿತು. ಇಬ್ಬರೂ ಬದುಕಿದರು. 2015ರಲ್ಲಿ ಜರ್ಮನಿಯ ಬೋಖುಮ್‌ನಲ್ಲಿ, ಚರ್ಮ ಕಳಚಿ ಹೋಗುವ ಆನುವಂಶಿಕ ಕಾಯಿಲೆಯ ಒಬ್ಬ ಹುಡುಗನಿಗೆ ಮೈಯ ಸುಮಾರು 80 ಶೇಕಡ ಹೊರಚರ್ಮವನ್ನು ಇದೇ ವಂಶದ ವಿಧಾನದಿಂದ, ಜೀನ್ ಸರಿಪಡಿಸಿದ ಕೋಶಗಳಿಂದ ಹೊಸದಾಗಿ ಕೊಡಲಾಯಿತು. ಇಲಿಮರಿಯ ರೆಪ್ಪೆಯಿಂದ ಇಲ್ಲಿಯವರೆಗೆ. ಈ ದಾರಿಯನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಈಗ ಕೊಬ್ಬಿನ ಕಡೆ ಬರೋಣ.

1929ರಲ್ಲಿ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ಎಂಬ ದಂಪತಿ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಇಲಿಗಳಿಗೆ ಕೊಬ್ಬು ಒಂದಿಷ್ಟೂ ಇಲ್ಲದ ಆಹಾರ ಕೊಟ್ಟು ನೋಡಿದರು. ಕೊಬ್ಬು ಬರೀ ಶಕ್ತಿಗೆ, ಅದಿಲ್ಲದಿದ್ದರೂ ಸಕ್ಕರೆಯಿಂದ ದೇಹ ತಾನೇ ಮಾಡಿಕೊಳ್ಳುತ್ತದೆ ಎಂದು ಆಗಿನವರು ನಂಬಿದ್ದರು. ಆದರೆ ಇಲಿಗಳ ಬಾಲ ಹುರುಪೆಹುರುಪೆಯಾಯಿತು. ಪಾದ ಕೆಂಪಾಗಿ ಊದಿಕೊಂಡಿತು. ಕೂದಲು ಉದುರಿತು. ಬೆಳವಣಿಗೆ ನಿಂತಿತು. ಅವು ವಿಪರೀತ ನೀರು ಕುಡಿಯುತ್ತಿದ್ದವು, ಆದರೆ ಮೂತ್ರ ಅದಕ್ಕೆ ತಕ್ಕಂತೆ ಹೆಚ್ಚಾಗುತ್ತಿರಲಿಲ್ಲ. ಕುಡಿದ ನೀರು ಚರ್ಮದ ಮೂಲಕ ಆವಿಯಾಗಿ ಹೋಗುತ್ತಿತ್ತು. ಕೊಬ್ಬಿನ ಕೆಲವೇ ಹನಿ ಕೊಟ್ಟರೆ ಎಲ್ಲವೂ ಸರಿಹೋಗುತ್ತಿತ್ತು. ಆ ಹನಿಗಳಲ್ಲಿ ಬೇಕಾಗಿದ್ದದ್ದು ಲಿನೋಲೀಕ್ ಆಮ್ಲ, 18 ಇಂಗಾಲದ ಸರಪಳಿಯ ಒಂದು ಕೊಬ್ಬಿನಾಮ್ಲ. ನಮ್ಮ ದೇಹವೂ ಇದನ್ನು ತಯಾರಿಸಲಾರದು, ಹೊರಗಿನಿಂದಲೇ ಬರಬೇಕು. ಮುಂದೆ ಮನುಷ್ಯರಲ್ಲೂ ಇದೇ ಕಂಡಿತು. ರಕ್ತನಾಳದ ಮೂಲಕವೇ ಆಹಾರ ಪಡೆಯುತ್ತಿದ್ದ ರೋಗಿಗಳಿಗೆ ಕೊಬ್ಬಿಲ್ಲದ ದ್ರವ ಹೋಗುತ್ತಿದ್ದ ಕಾಲದಲ್ಲಿ ಅವರ ಚರ್ಮವೂ ಹೊಟ್ಟೆದ್ದಿತು. 1975ರಲ್ಲಿ ಈ ಆಮ್ಲದ ಕೊರತೆಯಿದ್ದ ರೋಗಿಗಳ ಚರ್ಮಕ್ಕೆ ಸೂರ್ಯಕಾಂತಿ ಎಣ್ಣೆ ಹಚ್ಚಿ ನೋಡಿದಾಗ, ಹಚ್ಚಿದ ಜಾಗದ ಚರ್ಮ ಸರಿಹೋದದ್ದು ವರದಿಯಾಯಿತು. ಲಿನೋಲೀಕ್ ಆಮ್ಲ ತುಂಬಿರುವ ಎಣ್ಣೆ ಅದು.

ಇಲ್ಲಿ ಒಂದು ಒಗಟಿದೆ, ನಿಧಾನವಾಗಿ ಕೇಳಿ. ಬೇಕಾದ ಪೋಷಕಾಂಶ ಸಿಗದಿದ್ದರೆ ಕೋಶಗಳ ಬೆಳವಣಿಗೆ ಕುಗ್ಗಬೇಕು. ಆ ಇಲಿಗಳ ದೇಹ ಹಾಗೇ ಮಾಡಿತು, ಬೆಳೆಯುವುದನ್ನೇ ನಿಲ್ಲಿಸಿತು. ಆದರೆ ಚರ್ಮ? ಕೆಳಗಿನ ಸಾಲಿನಲ್ಲಿ ಕೋಶಗಳು ಮಾಮೂಲಿಗಿಂತ ಜಾಸ್ತಿ ವಿಭಜನೆಯಾಗುತ್ತಿದ್ದವು. ಹೊರಚರ್ಮ ದಪ್ಪವಾಗಿತ್ತು. ಹುರುಪೆ ಎದ್ದದ್ದೇ ಅದಕ್ಕೆ. ಮೈಯೆಲ್ಲ ಬಡವಾಗುತ್ತಿರುವಾಗ ಚರ್ಮ ಮಾತ್ರ ಯಾಕೆ ಹುಚ್ಚಾಪಟ್ಟೆ ಬೆಳೆಯಬೇಕು?

ಉತ್ತರ ಎರಡು ಕಡೆಯಿಂದ ಬಂತು. ಎರಡೂ ನಿಜ.

ಮೊದಲನೆಯದು ಗೋಡೆಯ ಉತ್ತರ. ಮೇಲಿನ ಸತ್ತ ಹೊಪ್ಪಳೆಗಳು ಇಟ್ಟಿಗೆಗಳಾದರೆ, ಅವುಗಳ ನಡುವಿನ ಕೊಬ್ಬು ಗಾರೆ. ಪೀಟರ್ ಎಲಿಯಾಸ್ ಎಂಬ ಚರ್ಮತಜ್ಞರು ಬೆಳಕಿಗೆ ತಂದ ಹೋಲಿಕೆ ಇದು. ಆ ಗಾರೆಯಲ್ಲಿ ಸೆರಮೈಡ್ ಎಂಬ ಕೊಬ್ಬಿಗೆ ಲಿನೋಲೀಕ್ ಆಮ್ಲ ಜೋಡಿಸಿಕೊಂಡಿರಬೇಕು. ಅದಿಲ್ಲದಿದ್ದರೆ ಗೋಡೆ ಸೋರುತ್ತದೆ. ಸೋರುವುದು ಕೆಳಗಿನ ಸಾಲಿಗೆ ಗೊತ್ತಾಗುತ್ತದೆ, ‘ಬೇಗ ಹೊಸ ಇಟ್ಟಿಗೆ ಕಳಿಸಿ’ ಎಂದು. ಎಲಿಯಾಸ್ ಮತ್ತು ಕೆನೆತ್ ಫೈನ್‌ಗೋಲ್ಡ್ ಅವರ ತಂಡ ಇಲಿಗಳ ಚರ್ಮಕ್ಕೆ ಅಸಿಟೋನ್ ಒರೆಸಿ ಗಾರೆಯ ಕೊಬ್ಬನ್ನು ತೆಗೆಯಿತು. ಕೂಡಲೇ ಕೊಬ್ಬು ತಯಾರಿಸುವ ಕಿಣ್ವಗಳು, ಅದರಲ್ಲೂ ಫ್ಯಾಟಿ ಆಸಿಡ್ ಸಿಂಥೇಸ್, ಚುರುಕಾದವು. ಸ್ವಲ್ಪ ತಡೆದು ಡಿಎನ್‌ಎ ತಯಾರಿಕೆಯೂ ಏರಿತು. ಆಮೇಲೆ ಅವರು ಒಂದು ಚಂದದ ಕೆಲಸ ಮಾಡಿದರು. ಅಸಿಟೋನ್ ಒರೆಸಿದ ಜಾಗಕ್ಕೆ ನೀರಾವಿ ಹಾಯದ ಪೊರೆಯನ್ನು ಸುತ್ತಿದರು. ಸೋರಿಕೆ ನಿಂತದ್ದೇ ತಡ, ಕೊಬ್ಬಿನ ತಯಾರಿಕೆ ಏರಲಿಲ್ಲ. ಆದರೆ ಡಿಎನ್‌ಎ ತಯಾರಿಕೆ ಪೂರ್ತಿ ತಗ್ಗಲಿಲ್ಲ, ಒಂದಿಷ್ಟು ಮಾತ್ರ ತಗ್ಗಿತು. ಅಂದರೆ ಸೋರುವ ಗೋಡೆಯೊಂದೇ ಕಾರಣವಲ್ಲ. ಬೇರೆ ಸುದ್ದಿಯೂ ಓಡಾಡುತ್ತಿದೆ.

ಎರಡನೇ ಉತ್ತರ ಆ ಸುದ್ದಿಯದು. ನನಗೆ ಅತ್ಯಂತ ಪ್ರೀತಿಯ ಭಾಗ ಇದು.

ಕೋಶಪೊರೆಯೇ ಕೊಬ್ಬಿನದು. ಅದರಲ್ಲಿ ಲಿನೋಲೀಕ್ ಆಮ್ಲವಿದೆ, 20 ಇಂಗಾಲದ ಅರಾಕಿಡೋನಿಕ್ ಆಮ್ಲವಿದೆ. ಅವು ಪೊರೆಗೆ ಕಟ್ಟಿಕೊಂಡಿರುವ ತನಕ ಸುಮ್ಮನಿರುತ್ತವೆ. ಫಾಸ್ಫೋಲೈಪೇಸ್ ಎ2 ಎಂಬ ಕಿಣ್ವ ಕತ್ತರಿಯಂತೆ ಅವನ್ನು ಪೊರೆಯಿಂದ ಬಿಡಿಸುತ್ತದೆ. ಬಿಡಿಯಾದ ಕೊಬ್ಬಿನಾಮ್ಲ ಯಾವ ಕಿಣ್ವದ ಕೈಗೆ ಸಿಗುತ್ತದೆ ಎಂಬುದರ ಮೇಲೆ ಅದರ ಮುಂದಿನ ಅರ್ಥ ನಿಂತಿದೆ. ಸೈಕ್ಲೋಆಕ್ಸಿಜಿನೇಸ್ ಕೈಗೆ ಅರಾಕಿಡೋನಿಕ್ ಆಮ್ಲ ಸಿಕ್ಕರೆ ಪ್ರೊಸ್ಟಾಗ್ಲಾಂಡಿನ್ ಆಗುತ್ತದೆ. ಹಲವು ನೋವಿನ ಮಾತ್ರೆಗಳು ತಡೆಯುವುದು ಈ ಕಿಣ್ವವನ್ನೇ. 12-ಲಿಪಾಕ್ಸಿಜಿನೇಸ್ ಕೈಗೆ ಸಿಕ್ಕರೆ 12-ಹೆಟೆ ಎಂಬ ವಸ್ತು. 5-ಲಿಪಾಕ್ಸಿಜಿನೇಸ್‌ಗೆ ಸಿಕ್ಕರೆ ಲ್ಯೂಕೋಟ್ರಯೀನ್‌ಗಳ ದಾರಿ. ಇವು ಬಹುಮಟ್ಟಿಗೆ ಉರಿಯೂತದ ಕಡೆಯವು, ಬೆಳವಣಿಗೆಗೆ ತಿದಿ ಒತ್ತುವವು.

ಆದರೆ ಚರ್ಮದಲ್ಲಿ 15-ಲಿಪಾಕ್ಸಿಜಿನೇಸ್ ಎಂಬ ಕಿಣ್ವವೂ ಇದೆ. ಅದು ಲಿನೋಲೀಕ್ ಆಮ್ಲಕ್ಕೆ ಆಮ್ಲಜನಕ ಸೇರಿಸಿ 13-ಹೋಡ್ ಎಂಬುದನ್ನು ಮಾಡುತ್ತದೆ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ವಿನ್ಸೆಂಟ್ ಜಿಬೋ ಎಂಬ ವಿಜ್ಞಾನಿ ದಶಕಗಳ ಕಾಲ ಇದರ ಬೆನ್ನು ಹತ್ತಿದ್ದರು. ಅವರ ತಂಡ ಗಿನಿಯಿಲಿಗಳ ಚರ್ಮಕ್ಕೆ ಮೀನೆಣ್ಣೆಯಲ್ಲಿರುವ ಜಾತಿಯ ಕೊಬ್ಬಿನಾಮ್ಲ ಹಚ್ಚಿದಾಗ 13-ಹೋಡ್ ಕಡಿಮೆಯಾಯಿತು. ಹೊರಚರ್ಮದ ಕೋಶಗಳು ಹೆಚ್ಚು ವಿಭಜನೆಯಾದವು. ಅಲ್ಲಿಗೇ 13-ಹೋಡ್ ಹಚ್ಚಿದಾಗ ಆ ಅತಿಬೆಳವಣಿಗೆ ತಗ್ಗಿತು. ಇದು ‘ಸಾಕು’ ಎನ್ನುವ ಕೊಬ್ಬು! ಅದರ ದಾರಿಯನ್ನೂ ಅವರು ಹುಡುಕಿದರು. 13-ಹೋಡ್ ಪೊರೆಯ ಕೊಬ್ಬಿನೊಳಗೆ ಹೋಗಿ ಸೇರಿಕೊಳ್ಳುತ್ತದೆ. ಮುಂದೆ ಪೊರೆಯಿಂದ ಸಂಕೇತ ಹೊರಡುವಾಗ ಅದೂ ಜೊತೆಗೆ ಹೊರಟು, ಪ್ರೋಟೀನ್ ಕೈನೇಸ್ ಸಿ ಎಂಬ ಕಿಣ್ವವನ್ನು ತಡೆಯುತ್ತದೆ. ಬೆಳವಣಿಗೆಯ ಸುದ್ದಿಯನ್ನು ಮುಂದಕ್ಕೆ ದಾಟಿಸುವವರಲ್ಲಿ ಆ ಕೈನೇಸೂ ಒಂದು.

ಬರ್ ದಂಪತಿಯ ಇಲಿಗಳನ್ನು ಈಗ ಮತ್ತೆ ನೋಡಿ. ಲಿನೋಲೀಕ್ ಆಮ್ಲ ಇಲ್ಲ. ಗೋಡೆಗೆ ಗಾರೆ ಇಲ್ಲ, ‘ಸಾಕು’ ಎನ್ನುವ ಚೂರು ತಯಾರಿಸಲು ಸಾಮಾನೂ ಇಲ್ಲ. ಒಂದೇ ಕೊರತೆ ಎರಡು ಕಡೆಯಿಂದ ಕೋಶವನ್ನು ಓಡಿಸಿತು.

ಇನ್ನೊಂದು ವಿಚಿತ್ರ ಸಂಗತಿ. ಯಕೃತ್ತು ಲಿನೋಲೀಕ್ ಆಮ್ಲವನ್ನು ಹಂತ ಹಂತವಾಗಿ ಅರಾಕಿಡೋನಿಕ್ ಆಮ್ಲ ಮಾಡಬಲ್ಲದು. ಹೊರಚರ್ಮಕ್ಕೆ ಅದು ಆಗುವುದಿಲ್ಲ. ಅದಕ್ಕೆ ಬೇಕಾದ ಡೆಸಾಚುರೇಸ್ ಕಿಣ್ವಗಳ ಕೆಲಸ ಅಲ್ಲಿ ನಡೆಯುವುದಿಲ್ಲ ಎಂದು ಜಿಬೋ ಅವರ ತಂಡವೇ 1984ರಲ್ಲಿ ತೋರಿಸಿತು. ಹಾಗಾಗಿ ಚರ್ಮದ ಅರಾಕಿಡೋನಿಕ್ ಆಮ್ಲ ರಕ್ತದಲ್ಲಿ ಬಂದದ್ದು. ತನ್ನ ಲಿನೋಲೀಕ್ ಆಮ್ಲವನ್ನು ಚರ್ಮ ಲಿನೋಲೀಕ್ ಆಗಿಯೇ ಇಟ್ಟುಕೊಂಡು ಗೋಡೆಗೂ ‘ಸಾಕು’ ಎನ್ನುವುದಕ್ಕೂ ಬಳಸುತ್ತದೆ. ಕಿಣ್ವ ಇಲ್ಲದಿರುವುದೂ ಒಂದು ವ್ಯವಸ್ಥೆಯೇ ಎಂದು ನನಗೆ ಅನ್ನಿಸುತ್ತದೆ.

ಪ್ರೋಟೀನು ಮತ್ತು ಕೊಬ್ಬು, ಈ ಎರಡು ಕಥೆಗಳು ಸೇರುವ ಜಾಗ ಇಲ್ಲಿದೆ. ಇಜಿಎಫ್ ತನ್ನ ರಿಸೆಪ್ಟರ್ ಮೇಲೆ ಕೂತು ಸುದ್ದಿ ಹೊರಟಾಗ, ಅದು ನ್ಯೂಕ್ಲಿಯಸ್ಸಿಗೆ ಮಾತ್ರ ಹೋಗುವುದಿಲ್ಲ. ದಾರಿಯಲ್ಲಿರುವ ಮ್ಯಾಪ್ ಕೈನೇಸ್ ಎಂಬ ಕಿಣ್ವ ಆ ಕತ್ತರಿಗೆ, ಫಾಸ್ಫೋಲೈಪೇಸ್ ಎ2ಗೆ, ಒಂದು ಫಾಸ್ಫೇಟ್ ಅಂಟಿಸುತ್ತದೆ. ಕತ್ತರಿ ಹರಿತವಾಗುತ್ತದೆ. ಅರಾಕಿಡೋನಿಕ್ ಆಮ್ಲ ಬಿಡುಗಡೆಯಾಗುತ್ತದೆ. ಅದೇ ಸುದ್ದಿ ಸೈಕ್ಲೋಆಕ್ಸಿಜಿನೇಸ್-2ರ ಜೀನನ್ನೂ ಎಬ್ಬಿಸುತ್ತದೆ. ಪ್ರೊಸ್ಟಾಗ್ಲಾಂಡಿನ್ ಇ2 ತಯಾರಾಗಿ ಕೋಶದಿಂದ ಹೊರಬೀಳುತ್ತದೆ, ಪಕ್ಕದ ಕೋಶಕ್ಕೂ ತನಗೂ ತಾಗುತ್ತದೆ. ತಾಗಿದಾಗ ಇಜಿಎಫ್‌ನ ರಿಸೆಪ್ಟರ್ ಮತ್ತೆ ಎಚ್ಚರಗೊಳ್ಳಬಹುದು, ಇಜಿಎಫ್ ಇಲ್ಲದೆಯೇ! ಪ್ರೋಟೀನಿನ ಮಾತು ಕೊಬ್ಬಿನ ಮಾತಾಗಿ, ಕೊಬ್ಬಿನ ಮಾತು ತಿರುಗಿ ಪ್ರೋಟೀನಿನ ಮಾತಾಗುತ್ತದೆ. ಗಾಯವಾದಾಗ ಈ ಸುತ್ತು ತುಂಬಾ ಉಪಕಾರಿ. ಹತ್ತಿರದ ಕೋಶಗಳೆಲ್ಲ ಒಟ್ಟಿಗೆ ಏಳಬೇಕು, ಏಳುತ್ತವೆ. ಆದರೆ ಬಿಸಿಲಿನ ನೇರಳಾತೀತ ಕಿರಣವೂ ಇದೇ ಸುತ್ತನ್ನು ಶುರು ಮಾಡುತ್ತದೆ. ವರ್ಷಗಟ್ಟಲೆ ದಿನವೂ ಶುರುವಾದರೆ ಕೆಟ್ಟ ಜೀನ್ ಹೊತ್ತ ಕೋಶಕ್ಕೂ ‘ಬೆಳೆ’ ಎಂದೇ ಹೇಳುತ್ತದೆ. ಚರ್ಮದ ಕ್ಯಾನ್ಸರಿನ ಸಂಶೋಧನೆಯಲ್ಲಿ ಸೈಕ್ಲೋಆಕ್ಸಿಜಿನೇಸ್-2ರ ಹೆಸರು ಮತ್ತೆ ಮತ್ತೆ ಬರುವುದು ಈ ಕಾರಣಕ್ಕೆ.

ಚರ್ಮ ದಪ್ಪವಾಗಿ ಹೊಟ್ಟೇಳುವ ಸೋರಿಯಾಸಿಸ್ ಕಾಯಿಲೆಯ ಬಗ್ಗೆ ಹೇಳದಿದ್ದರೆ ಈ ಮಾತು ಅರ್ಧವಾಗುತ್ತದೆ. ಮಾಮೂಲಿ ಚರ್ಮದಲ್ಲಿ ವಾರಗಟ್ಟಲೆ ಹಿಡಿಯುವ ಪಯಣ ಅಲ್ಲಿ ಕೆಲವೇ ದಿನಕ್ಕೆ ಮುಗಿಯುತ್ತದೆ. ಆ ಬೆಳ್ಳಿ ಬಣ್ಣದ ಹೊಟ್ಟಿನ ಒಂದು ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸತ್ತಿರಬೇಕಾದ ಕೋಶಗಳಲ್ಲಿ ಇನ್ನೂ ನ್ಯೂಕ್ಲಿಯಸ್ ಕಾಣುತ್ತದೆ. ಬಲಿಯಲು ಸಮಯವೇ ಸಿಗದೆ ಮೇಲೆ ಬಂದವು ಅವು. ಅಂಥ ಚರ್ಮದಲ್ಲಿ ಟಿಜಿಎಫ್-ಆಲ್ಫಾ ಜಾಸ್ತಿ, ಆಂಫಿರೆಗ್ಯುಲಿನ್ ಜಾಸ್ತಿ. 1975ರಲ್ಲೇ ಸ್ವೆನ್ ಹಮ್ಮರ್‌ಸ್ಟ್ರೋಮ್ ಮತ್ತು ಜೊತೆಗಾರರು ಅದರಲ್ಲಿ ಬಿಡಿ ಅರಾಕಿಡೋನಿಕ್ ಆಮ್ಲ ಮತ್ತು 12-ಹೆಟೆ ಬಹಳ ಹೆಚ್ಚಿರುವುದನ್ನು ತೋರಿಸಿದ್ದರು. ಕೊಬ್ಬೇ ಇದರ ಮೂಲ ಎಂದು ಆಗ ಹಲವರಿಗೆ ಆಸೆ ಹುಟ್ಟಿತು. ಮೀನೆಣ್ಣೆಯ ಗುಳಿಗೆಗಳನ್ನು ಕೊಟ್ಟು ನೋಡಿದರು. ಫಲಿತಾಂಶ ಒಂದು ಕಡೆ ಹೌದು, ಇನ್ನೊಂದು ಕಡೆ ಇಲ್ಲ ಎಂಬಂತೆ ಬಂತು. ಮುಂದೆ ರೋಗನಿರೋಧಕ ಕೋಶಗಳೂ ಅವು ಬಿಡುವ ಇಂಟರ್‌ಲ್ಯೂಕಿನ್-17ರಂಥ ಪ್ರೋಟೀನ್‌ಗಳೂ ಮುಖ್ಯ ಎಂದು ಗೊತ್ತಾಯಿತು. ಅವನ್ನು ತಡೆಯುವ ಔಷಧಗಳು ಎಷ್ಟೋ ಜನರ ಬದುಕು ಬದಲಿಸಿವೆ. ನನ್ನ ತಿಳಿವಳಿಕೆಯಲ್ಲಿ ಸೋರಿಯಾಸಿಸ್‌ನಲ್ಲಿ ಕೊಬ್ಬಿನ ಚೂರುಗಳು ಬೆಂಕಿ ಹಚ್ಚಿದವಲ್ಲ, ಗಾಳಿ ಹಾಕಿದವು. ಅದಕ್ಕಾಗಿ, ದಯವಿಟ್ಟು, ಎಣ್ಣೆಯ ಗುಳಿಗೆ ನಂಬಿ ವೈದ್ಯರು ಕೊಟ್ಟ ಔಷಧ ನಿಲ್ಲಿಸಬೇಡಿ.

‘13-ಹೋಡ್ ಒಳ್ಳೆಯದು, 12-ಹೆಟೆ ಕೆಟ್ಟದ್ದು’ ಎಂದು ಬರೆದಿಟ್ಟುಕೊಂಡು ಹೋಗುವುದೂ ಬೇಡ. ಹ್ಯಾಮ್‌ಸ್ಟರ್ ಭ್ರೂಣದ ಫೈಬ್ರೋಬ್ಲಾಸ್ಟ್ ಕೋಶಗಳಲ್ಲಿ ಇದೇ 13-ಹೋಡ್ ಇಜಿಎಫ್‌ನ ಕೆಲಸವನ್ನು ಇನ್ನಷ್ಟು ಜೋರು ಮಾಡಿತು. ಹೊರಚರ್ಮದಲ್ಲಿ ‘ಸಾಕು’ ಎಂದ ವಸ್ತುವೇ ಅಲ್ಲಿ ‘ಇನ್ನೂ’ ಎಂದಿತು. ಮಾತು ಒಂದೇ, ಕೇಳುವ ಕೋಶ ಬೇರೆ.

ಕೆಲವು ಕಿಣ್ವಗಳ ಕೆಲಸ ಸುದ್ದಿಯದ್ದಲ್ಲ, ಬರೀ ಕಟ್ಟಡದ್ದು. 12ಆರ್-ಲಿಪಾಕ್ಸಿಜಿನೇಸ್ ಎಂಬುದು ಗಾರೆಯ ಸೆರಮೈಡಿನಲ್ಲಿರುವ ಲಿನೋಲೀಕ್ ಆಮ್ಲಕ್ಕೆ ಆಮ್ಲಜನಕ ಸೇರಿಸುತ್ತದೆ. ಆಗಲೇ ಗೋಡೆ ಗಟ್ಟಿಯಾಗುವುದು. ಈ ಕಿಣ್ವವಿಲ್ಲದೆ ಹುಟ್ಟಿದ ಇಲಿಮರಿಗಳು ಮೈಯ ನೀರೆಲ್ಲ ಆವಿಯಾಗಿ ಕೆಲವೇ ಗಂಟೆಗಳಲ್ಲಿ ಸಾಯುತ್ತವೆ. ಮನುಷ್ಯರಲ್ಲಿ ಇದರ ಜೀನ್ ಕೆಟ್ಟರೆ ಇಕ್ತಿಯೋಸಿಸ್ ಬರುತ್ತದೆ. ಹುಟ್ಟಿನಿಂದಲೇ ಮೈಯೆಲ್ಲ ಒಣಗಿ ಹುರುಪೆ ಏಳುವ ಕಾಯಿಲೆ. 2002ರಲ್ಲಿ ಈ ಜೀನಿನ ನಂಟು ಪತ್ತೆಯಾಯಿತು. ಆ ಮಕ್ಕಳನ್ನು ಮುಟ್ಟಲು ಹೆದರುವವರಿದ್ದಾರೆ. ಅದು ಅಂಟುವ ಕಾಯಿಲೆ ಅಲ್ಲವೇ ಅಲ್ಲ.

ಇಜಿಎಫ್ ರಿಸೆಪ್ಟರಿನ ಬಾಯಿ ಮುಚ್ಚಿದರೆ ಏನಾಗುತ್ತದೆ? ಇದು ಊಹೆಯ ಪ್ರಶ್ನೆಯಲ್ಲ. ಶ್ವಾಸಕೋಶ ಮತ್ತು ದೊಡ್ಡಕರುಳಿನ ಕೆಲವು ಕ್ಯಾನ್ಸರ್‌ಗಳಿಗೆ ಇಂಥ ಔಷಧಗಳಿವೆ. ಎರ್ಲೋಟಿನಿಬ್, ಸೆಟುಕ್ಸಿಮ್ಯಾಬ್ ಮೊದಲಾದವು. ನನಗೆ ಪರಿಚಯದ ಒಬ್ಬರು ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಮೊದಲ ವಾರಗಳಲ್ಲಿ ಮುಖಕ್ಕೂ ಎದೆಗೂ ಮೊಡವೆಯಂಥ ಗುಳ್ಳೆ. ಆಮೇಲೆ ಚರ್ಮ ಒಣಗಿತು. ಬೆರಳ ತುದಿ ಬಿರಿದು, ಅಂಗಿಯ ಗುಂಡಿ ಹಾಕಿಕೊಳ್ಳಲೂ ನೋವು. ಉಗುರಿನ ಬುಡ ಕೆಂಪಗೆ ಊದಿತ್ತು. ಒಂದು ದಿನ ಅವರು ಕನ್ನಡಕ ತೆಗೆದು, ‘ನೋಡಿ, ರೆಪ್ಪೆಗೂದಲು ಗಾಜಿಗೆ ತಾಗುತ್ತಿದೆ’ ಎಂದರು. ನಿಜ, ಉದ್ದಕ್ಕೆ ಬೆಳೆದು ಸುರುಳಿ ಸುತ್ತಿಕೊಂಡಿತ್ತು. ಈ ಔಷಧಗಳಲ್ಲಿ ಇದೂ ಗೊತ್ತಿರುವ ಪರಿಣಾಮ. ಕೂದಲಿನ ಬುಡಕ್ಕೆ ‘ಬೆಳೆದದ್ದು ಸಾಕು’ ಎನ್ನುವುದರಲ್ಲಿ ಈ ರಿಸೆಪ್ಟರಿಗೂ ಪಾಲಿದೆ. ಕೋಹೆನ್ ಅವರ ಇಲಿಮರಿಯ ರೆಪ್ಪೆ ನನ್ನ ಕಣ್ಣ ಮುಂದೆ ಬಂತು. ಆ ಕಥೆಯನ್ನು ಅವರಿಗೆ ಹೇಳಿದೆ. ತನ್ನ ಮೈಮೇಲೆ ಯಾಕೆ ಹೀಗಾಗುತ್ತಿದೆ ಎಂದು ಗೊತ್ತಾದದ್ದೇ ಎಷ್ಟೋ ನೆಮ್ಮದಿ ಎಂದರು. ಇಂಥ ಗುಳ್ಳೆಗೆ ಚಿಕಿತ್ಸೆ ಇದೆ. ಔಷಧ ಕೊಡುತ್ತಿರುವ ವೈದ್ಯರಿಗೆ ಮೊದಲೇ ಹೇಳಿದರೆ ಸಾಕು, ಸುಮ್ಮನೆ ಸಹಿಸಿಕೊಳ್ಳಬೇಕಿಲ್ಲ.

ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಇಲ್ಲೇ ಸೇರಿಸಿದ್ದೇನೆ.

‘ಸರ್, ಇಜಿಎಫ್ ಇರುವ ಸೀರಮ್ ಮುಖಕ್ಕೆ ಹಚ್ಚಿದರೆ ಚರ್ಮ ಹೊಸದಾಗುತ್ತದಾ?’ ಎಂದು ಒಬ್ಬ ಯುವತಿ ಕೇಳಿದರು. ಒಳ್ಳೆಯ ಪ್ರಶ್ನೆ ಕಣಮ್ಮಾ. ಗಟ್ಟಿಯಾಗಿರುವ ಚರ್ಮವನ್ನು ದಾಟುವ ವಸ್ತುಗಳ ಅಣುತೂಕ ಸಾಮಾನ್ಯವಾಗಿ 500 ಡಾಲ್ಟನ್ನಿನ ಒಳಗಿರಬೇಕು ಎಂಬ ಲೆಕ್ಕವೊಂದಿದೆ. ಇಜಿಎಫ್‌ನದು ಸುಮಾರು 6,000. ಅದು ತಲುಪಬೇಕಾದ ಕೋಶಗಳು ಇರುವುದು ತೀರಾ ಕೆಳಗಿನ ಸಾಲಿನಲ್ಲಿ. ನಡುವೆ ಆ ಇಟ್ಟಿಗೆ-ಗಾರೆಯ ಗೋಡೆ. ತೆರೆದ ಗಾಯದ ಮಾತು ಬೇರೆ, ಅಲ್ಲಿ ಗೋಡೆಯೇ ಇಲ್ಲ. ಮಧುಮೇಹದವರ ಕಾಲಿನ ಹುಣ್ಣಿಗೆ ಹಚ್ಚುವ ಬೇರೊಂದು ಗ್ರೋತ್ ಫ್ಯಾಕ್ಟರಿನ ಜೆಲ್‌ಗೆ ಅಮೆರಿಕದಲ್ಲಿ 1997ರಲ್ಲೇ ಒಪ್ಪಿಗೆ ಸಿಕ್ಕಿದೆ. ಆದರೆ ಚೆನ್ನಾಗಿರುವ ಮುಖದ ಮೇಲೆ ಸೀರಮ್ ಹಚ್ಚಿದಾಗ ಅಷ್ಟು ದೊಡ್ಡ ಪ್ರೋಟೀನು ಕೆಳಗಿನ ಸಾಲಿನವರೆಗೆ ಸಾಕಷ್ಟು ಇಳಿಯುತ್ತದೆ ಎಂದು ನಾನು ನಂಬುವುದಿಲ್ಲ.

ಹಿರಿಯರೊಬ್ಬರು ಎದ್ದು, ‘ಹಾಗಾದರೆ ಒಣಚರ್ಮಕ್ಕೆ ಯಾವ ಎಣ್ಣೆಯಾದರೂ ಆದೀತೆ?’ ಎಂದು ಕೇಳಿದರು. ಆಗದು ಸಾರ್. ಎಣ್ಣೆಯೊಳಗೆ ಯಾವ ಕೊಬ್ಬಿನಾಮ್ಲ ಇದೆ ಎಂಬುದು ಮುಖ್ಯ. ಸೂರ್ಯಕಾಂತಿಯ ಮಾಮೂಲಿ ಎಣ್ಣೆಯಲ್ಲಿ ಲಿನೋಲೀಕ್ ಜಾಸ್ತಿ. ಆಲಿವ್ ಎಣ್ಣೆಯಲ್ಲಿ ಓಲೀಕ್ ಜಾಸ್ತಿ. ಓಲೀಕ್ ಆಮ್ಲ ಗಾರೆಯನ್ನು ಸಡಿಲ ಮಾಡುತ್ತದೆ. ಔಷಧವನ್ನು ಚರ್ಮದೊಳಗೆ ದಾಟಿಸಲು ಅದನ್ನು ಬಳಸುವುದೇ ಆ ಗುಣಕ್ಕಾಗಿ. ಸೋರುವ ಗೋಡೆಗೆ ಅದನ್ನೇ ಹಚ್ಚಿದರೆ ಇನ್ನೂ ಸೋರಬಹುದು. ಕೆಳಗಿನ ಸಾಲಿನ ಕೋಶಗಳಿಗೆ ಮತ್ತೆ ‘ಇಟ್ಟಿಗೆ ಬೇಕು’ ಎಂಬ ಕೂಗು ಹೋಗುತ್ತದೆ. ಅದಕ್ಕೇ ಶೀಸೆಯ ಹಿಂಭಾಗ ಓದಿ ನೋಡಿ. ಸೂರ್ಯಕಾಂತಿಯಲ್ಲೂ ‘ಹೈ ಓಲೀಕ್’ ಎಂಬ ತಳಿಯ ಎಣ್ಣೆ ಇದೆ. ಹೆಸರು ಸೂರ್ಯಕಾಂತಿ, ಒಳಗಿರುವುದು ಹೆಚ್ಚಾಗಿ ಓಲೀಕ್.